ಮೊದಲ ಹನಿಯ ಲೆಕ್ಕಾಚಾರ

ಕುಸ್ತಿಯಲ್ಲಿ ಸೋಲು ಗೆಲುವು ತೀರ್ಮಾನವಾಗುವುದು ಬೆನ್ನು ಮಣ್ಣಿಗೆ ತಾಗಿದಾಗ. ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಜನರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎದುರಾಳಿಯ ಹತ್ತು ಪಟ್ಟಿನಿಂದ ಹೇಗೋ ತಪ್ಪಿಸಿಕೊಂಡು, ಹನ್ನೊಂದನೆಯದಕ್ಕೆ ಅವನನ್ನೇ ಚಿತ್ ಮಾಡಿದವನೇ ಗೆದ್ದವನು. ನಡುವೆ ತಿಂದ ಪೆಟ್ಟನ್ನು ಯಾರೂ ಲೆಕ್ಕ ಇಡುವುದಿಲ್ಲ. ಆದರೆ ವಿಜಯದಶಮಿಯ ದಿನ ಮೈಸೂರು ಅರಮನೆಯ ತೊಟ್ಟಿಯಲ್ಲಿ ನಡೆಯುವ ವಜ್ರಮುಷ್ಟಿ ಕಾಳಗದ ಲೆಕ್ಕವೇ ಬೇರೆ. ಅಲ್ಲಿ ಮೊದಲ ಹನಿ ರಕ್ತ ಕಂಡೊಡನೆ ಕಾಳಗ ಮುಗಿಯುತ್ತದೆ.

ಕಾಳಗಕ್ಕೆ ಇಳಿಯುವವರು ಜೆಟ್ಟಿಗಳು. ಮೈಸೂರು, ಚಾಮರಾಜನಗರ, ಚನ್ನಪಟ್ಟಣ, ಬೆಂಗಳೂರು ಈ ಊರುಗಳ ಜೆಟ್ಟಿ ಮನೆತನಗಳಿಂದ ಜೋಡಿಗಳನ್ನು ಆರಿಸುತ್ತಾರೆ. ತಲೆ ಬೋಳಿಸಿ ಒಂದು ಜುಟ್ಟು ಮಾತ್ರ ಬಿಟ್ಟಿರುತ್ತಾರೆ. ಬಲಗೈಯಲ್ಲಿ ಬೆರಳಿಗೆ ತೊಡುವ, ಮೊನೆಗಳಿರುವ ಸಣ್ಣ ಆಯುಧ, ಎಡಗೈ ಖಾಲಿ. ಆ ಖಾಲಿ ಕೈಗೂ ಕೆಲಸ ಉಂಟು: ಎದುರಾಳಿಯ ಬಲಗೈಯನ್ನು ಹಿಡಿಯುವುದು, ಇಲ್ಲವೇ ತಡೆಯುವುದು. ಪೆಟ್ಟು ಬೀಳುವುದು ಹೆಚ್ಚಾಗಿ ತಲೆಗೆ. ಬೋಳು ತಲೆಯ ಮೇಲೆ ರಕ್ತದ ಹನಿಯನ್ನು ಮುಚ್ಚಿಡಲು ಯಾರಿಗೂ ಸಾಧ್ಯವಿಲ್ಲ. ಹಲವು ಸಲ ಎಲ್ಲ ಮುಗಿಯಲು ಒಂದು ನಿಮಿಷವೂ ಬೇಕಾಗುವುದಿಲ್ಲ. ಅದಾದ ಮೇಲೆ ರಾಜಮನೆತನದವರು ಬನ್ನಿ ಪೂಜೆಗೆ ಹೊರಡುತ್ತಾರೆ.

ಈ ಕಾಳಗ ಮೈಸೂರಿನಲ್ಲೇ ಹುಟ್ಟಿದ್ದಲ್ಲ. ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ವರ್ತಕ ನೂನಿಜ್, ಮಹಾನವಮಿಯ ದಿನಗಳಲ್ಲಿ ಮಲ್ಲರು ಕೈಯಲ್ಲಿ ಮೊನೆಗಳಿರುವ ಬಳೆಗಳನ್ನು ಹಿಡಿದು ಹೊಡೆದಾಡುತ್ತಿದ್ದುದನ್ನು ಬರೆದಿದ್ದಾನೆ. ಅವನು ಹೇಳುವ ಒಂದು ಸಂಗತಿ ವಿಚಿತ್ರವಾಗಿದೆ: ಹೆಚ್ಚು ಗಾಯಗೊಂಡವನಿಗೇ ಅರಸನ ರೇಷ್ಮೆ ವಸ್ತ್ರ ಸಲ್ಲುತ್ತಿತ್ತಂತೆ! ಮುಂದೆ 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ದಸರಾ ಆರಂಭಿಸಿದರು. ಅದೇ ಪಟ್ಟಣದಲ್ಲಿ ಟಿಪ್ಪು ಸುಲ್ತಾನನ ಸೆರೆಯಾಳಾಗಿದ್ದ ಜೇಮ್ಸ್ ಸ್ಕರಿ ಎಂಬ ಇಂಗ್ಲಿಷ್ ನಾವಿಕ, ಜೆಟ್ಟಿಗಳು ಬಲಗೈಗೆ ಉಕ್ಕಿನ ನಾಲ್ಕು ಉಗುರು ತೊಟ್ಟು ಸುಲ್ತಾನನ ಮುಂದೆ ಕಾದಾಡುತ್ತಿದ್ದುದನ್ನು ದಾಖಲಿಸಿದ್ದಾನೆ. ಅವನ ಪುಸ್ತಕ ಹೊರಬಂದದ್ದು 1824ರಲ್ಲಿ. ಹನಕೆರೆಯಲ್ಲಿ ರೈಲು ಹತ್ತಿ ದಸರಾಕ್ಕೆ ಮೈಸೂರಿಗೆ ಹೋಗುವವರು ಆ ಊರನ್ನು ಹಾದೇ ಹೋಗಬೇಕು.

ಇರಲಿ. ಇಲ್ಲಿ ಗಮನಿಸಬೇಕಾದದ್ದು ಆ ಒಂದು ಹನಿಯ ನಿಯಮ. ಒಂದೇ ಗಾಯಕ್ಕೆ ಕಾಳಗ ನಿಲ್ಲುವುದಾದರೆ, ಬಲಕ್ಕಿಂತ ದೂರದ ಅಂದಾಜು ಮುಖ್ಯವಾಗುತ್ತದೆ. ಮುನ್ನುಗ್ಗಿದವನ ತೋಳು ಚಾಚಿದ ಕ್ಷಣದಲ್ಲೇ ಅವನ ತಲೆ ಬಯಲಿಗೆ ಬೀಳುತ್ತದೆ. ಕಾದು ನಿಂತವನಿಗೆ ಆ ಕ್ಷಣವೇ ಅವಕಾಶ. ಇಬ್ಬರೂ ಕಾದರೆ ಕಾಳಗವೇ ಇಲ್ಲ. ಇಬ್ಬರೂ ನುಗ್ಗಿದರೆ ಇಬ್ಬರಿಗೂ ಗಾಯ. ಈ ಇಕ್ಕಟ್ಟಿಗೆ ಉತ್ತರ ಹುಡುಕಿದವರು ಜೆಟ್ಟಿಗಳು ಮಾತ್ರವಲ್ಲ.

ಹತ್ತೊಂಬತ್ತನೇ ಶತಮಾನದ ಫ್ರಾನ್ಸಿನಲ್ಲಿ ಮಾನಾಪಮಾನದ ಜಗಳಗಳು ಕತ್ತಿಯ ದ್ವಂದ್ವದಲ್ಲಿ ತೀರುತ್ತಿದ್ದವು. ಅವುಗಳಲ್ಲಿ ಹಲವು ನಿಲ್ಲುತ್ತಿದ್ದುದು ಮೊದಲ ರಕ್ತಕ್ಕೆ. ಆಗ ಶಾಲೆಗಳಲ್ಲಿ ಕಲಿಸುತ್ತಿದ್ದ ಕತ್ತಿವರಸೆ ಬಹಳ ನಾಜೂಕಿನದು. ದ್ವಂದ್ವದಲ್ಲಿ ಅದು ಜೀವ ಉಳಿಸುವುದಿಲ್ಲವೆಂದು ಕೆಲವರಿಗೆ ಅನ್ನಿಸಿತು. ಹಾಗೆ ರೂಪುಗೊಂಡ ಆಟ ಎಪೀ. ಫೆನ್ಸಿಂಗ್‌ನ ಮೂರು ಬಗೆಗಳಲ್ಲಿ ಇದೊಂದು. ಉಳಿದ ಎರಡು, ಫಾಯಿಲ್ ಮತ್ತು ಸೇಬರ್. ಅವುಗಳಲ್ಲಿ ಇಬ್ಬರೂ ಒಟ್ಟಿಗೆ ತಾಗಿಸಿದರೆ ದಾಳಿಯ ಹಕ್ಕು ಯಾರದೆಂದು ರೆಫರಿ ತೀರ್ಮಾನಿಸಬೇಕು. ಎಪೀಯಲ್ಲಿ ಅಂಥ ಹಕ್ಕಿಲ್ಲ. ಮೊದಲು ತಾಗಿಸಿದವನಿಗೆ ಅಂಕ, ಅಷ್ಟೆ. ಅಂಗಾಲಿನಿಂದ ನೆತ್ತಿಯವರೆಗೆ ಎಲ್ಲಿ ತಾಗಿದರೂ ಸರಿ. ಹೀಗಾಗಿ ನುರಿತವರು ಎದೆಗೆ ಗುರಿಯಿಡುವ ಮೊದಲು ಅತಿ ಹತ್ತಿರದ ಗುರಿ ನೋಡುತ್ತಾರೆ. ಅದು ಕತ್ತಿ ಹಿಡಿದ ಕೈ. ಮುಂಗೈ ತುಸು ಹೊರಗೆ ಸರಿದರೂ ಮೊನೆ ಅಲ್ಲಿಗೆ ಬಂದಿರುತ್ತದೆ.

ರಕ್ತದ ಬದಲು ಇಲ್ಲಿ ದೀಪ ಉರಿಯುತ್ತದೆ. ಮೊದಲೆಲ್ಲ ಮೂರು ಮುಳ್ಳಿನ ಮೊನೆ ಬಟ್ಟೆಗೆ ಸಿಕ್ಕಿಕೊಳ್ಳುತ್ತಿತ್ತು, ಅದನ್ನು ನೋಡಿ ತೀರ್ಪು ಕೊಡುತ್ತಿದ್ದರು. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ವಿದ್ಯುತ್ ಎಪೀ ಬಂತು. ಮೊನೆ 750 ಗ್ರಾಂ ಭಾರದಷ್ಟು ಒತ್ತಿದರೆ ದೀಪ ಹತ್ತುತ್ತದೆ. ಯಂತ್ರ ಸುಳ್ಳು ಹೇಳುವುದಿಲ್ಲ ಎನ್ನುವಂತೆಯೂ ಇಲ್ಲ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನ ಪೆಂಟಾಥ್ಲಾನ್‌ನಲ್ಲಿ ಸೋವಿಯತ್ ಆಟಗಾರ ಬೋರಿಸ್ ಒನಿಶ್ಚೆಂಕೊ ಹಿಡಿಯಲ್ಲೇ ಗುಪ್ತ ಸ್ವಿಚ್ ಅಳವಡಿಸಿಕೊಂಡು ಸಿಕ್ಕಿಬಿದ್ದ. ಬೋಳು ತಲೆಯ ಸಾಕ್ಷ್ಯ ಇದಕ್ಕಿಂತ ಮೇಲು!

ಇಬ್ಬರ ಮೊನೆಯೂ ಸೆಕೆಂಡಿನ ಸುಮಾರು 25ನೇ ಒಂದು ಭಾಗದ ಒಳಗೆ ತಾಗಿದರೆ ಎರಡು ದೀಪವೂ ಹತ್ತಿ ಇಬ್ಬರಿಗೂ ಒಂದೊಂದು ಅಂಕ. ಎಪೀಯ ನಿಜವಾದ ತಂತ್ರಗಾರಿಕೆ ಇರುವುದು ಈ ಜೋಡಿ ಅಂಕದಲ್ಲಿ. ನಾಕೌಟ್ ಪಂದ್ಯ ಗೆಲ್ಲಲು 15 ಅಂಕ ಬೇಕು. ಮೂರು ನಿಮಿಷದ ಮೂರು ಸುತ್ತು, ನಡುವೆ ಒಂದೊಂದು ನಿಮಿಷ ಬಿಡುವು. ಒಬ್ಬ 10, ಇನ್ನೊಬ್ಬ 7 ಎಂದಿಟ್ಟುಕೊಳ್ಳಿ. ಮುಂದಿರುವವನು ಇನ್ನು ಪೆಟ್ಟು ತಪ್ಪಿಸಿಕೊಳ್ಳಬೇಕಾಗಿಲ್ಲ. ಪ್ರತಿ ಪೆಟ್ಟಿಗೂ ಒಂದು ಪೆಟ್ಟು ಕೊಟ್ಟರೆ ಸಾಕು, 15-12ಕ್ಕೆ ಪಂದ್ಯ ಅವನದೇ. ಹಿಂದಿರುವವನಾದರೋ ತಾಗಿಸಬೇಕು, ತಾನು ತಾಗಿಸಿಕೊಳ್ಳಬಾರದು. ಅವನು ಮುಂದೆ ಬರಲೇಬೇಕು. ಬಂದರೆ ಕೈ ಬಯಲಾಗುತ್ತದೆ. ಮೊದಲ ಎರಡು ಮೂರು ಅಂಕಗಳಿಗೆ ಪಳಗಿದವರು ಅಷ್ಟು ಜಾಗರೂಕರಾಗಿರುವುದು ಇದಕ್ಕೇ.

ಲೆಕ್ಕ ತಲೆಕೆಳಗಾಗುವುದೂ ಉಂಟು. 2016ರ ರಿಯೋ ಒಲಿಂಪಿಕ್ಸ್ ಫೈನಲ್‌ನಲ್ಲಿ ಹಂಗೆರಿಯ 41 ವರ್ಷದ ಗೇಜಾ ಇಮ್ರೆ 14-10ರಲ್ಲಿ ಮುಂದಿದ್ದ. ಎದುರಿಗಿದ್ದವನು ಕೊರಿಯಾದ 20 ವರ್ಷದ ಪಾರ್ಕ್ ಸಾಂಗ್-ಯಂಗ್. ಇಮ್ರೆಗೆ ಬೇಕಾದದ್ದು ಒಂದೇ ಅಂಕ, ಅದು ಜೋಡಿ ಅಂಕವಾದರೂ ಆದೀತು. ಪಾರ್ಕ್ ಐದು ಸಲ ತಾಗಿಸಬೇಕು, ಐದು ಸಲವೂ ಎರಡನೇ ದೀಪ ಹತ್ತದಂತೆ. ಹಾಗೆಯೇ ಆಯಿತು. 15-14. ಎಪೀಯಲ್ಲಿ ಇದಕ್ಕಿಂತ ಕಠಿಣವಾದ ಐದು ಅಂಕಗಳನ್ನು ಊಹಿಸುವುದು ಕಷ್ಟ.

ಇನ್ನೊಂದು ಲೆಕ್ಕ ಗಡಿಯಾರದ್ದು. ಸಮಯ ಮುಗಿದಾಗ ಅಂಕ ಸಮವಾಗಿದ್ದರೆ ಒಂದು ನಿಮಿಷ ಹೆಚ್ಚುವರಿ. ಅದಕ್ಕೂ ಮುಂಚೆ ಚೀಟಿ ಎತ್ತಿದಂತೆ ಒಬ್ಬರಿಗೆ ಆದ್ಯತೆ ಕೊಡುತ್ತಾರೆ; ಆ ನಿಮಿಷದಲ್ಲಿ ಯಾರೂ ಗೆಲ್ಲದಿದ್ದರೆ ಗೆಲುವು ಅವರದು. ಅಂದರೆ ಒಬ್ಬರು ಕಾಲ ಕಳೆದರೆ ಸಾಕು, ಇನ್ನೊಬ್ಬರು ಪ್ರಾಣವನ್ನೇ ಪಣಕ್ಕಿಟ್ಟವರಂತೆ ಮೇಲೆ ಬೀಳಬೇಕು. 2012ರ ಲಂಡನ್ ಒಲಿಂಪಿಕ್ಸ್‌ನ ಮಹಿಳೆಯರ ಸೆಮಿಫೈನಲ್‌ನಲ್ಲಿ ಕೊರಿಯಾದ ಶಿನ್ ಆ-ಲಾಮ್ ಮತ್ತು ಜರ್ಮನಿಯ ಬ್ರಿಟಾ ಹೈಡೆಮನ್ 5-5ರಲ್ಲಿದ್ದರು. ಆದ್ಯತೆ ಶಿನ್‌ಗೆ. ಗಡಿಯಾರದಲ್ಲಿ ಉಳಿದದ್ದು ಒಂದು ಸೆಕೆಂಡ್. ಆ ಒಂದು ಸೆಕೆಂಡಿನಲ್ಲಿ ಹೈಡೆಮನ್ ಮತ್ತೆ ಮತ್ತೆ ಮೇಲೆರಗಿದಳು, ಗಡಿಯಾರ ಮಾತ್ರ ಕದಲಲಿಲ್ಲ. ಕೊನೆಗೆ ಅವಳ ದೀಪ ಹತ್ತಿತು. ಕೊರಿಯಾದವರು ಮೇಲ್ಮನವಿ ಸಲ್ಲಿಸಿದರು. ಅದು ಇತ್ಯರ್ಥವಾಗುವವರೆಗೆ ಅಂಕಣ ಬಿಟ್ಟರೆ ಸೋಲು ಒಪ್ಪಿಕೊಂಡಂತೆ. ಶಿನ್ ಅಲ್ಲೇ ಕುಳಿತು ಅಳುತ್ತ ಒಂದು ಗಂಟೆಯಷ್ಟು ಹೊತ್ತು ಕಳೆದಳು. ತೀರ್ಪು ಬದಲಾಗಲಿಲ್ಲ.

ಆದ್ಯತೆ ಸಿಕ್ಕವರು ಸುಮ್ಮನೆ ನಿಲ್ಲುವುದು, ಸಮಬಲದವರು ಒಬ್ಬರನ್ನೊಬ್ಬರು ನೋಡುತ್ತಲೇ ಸಮಯ ನೂಕುವುದು ನೋಡುಗರಿಗೆ ಬೇಸರ ತರಿಸುತ್ತದೆ. ಅದಕ್ಕಾಗಿ ಇತ್ತೀಚಿನ ವರ್ಷಗಳಲ್ಲಿ ಕಾದಾಡದೆ ನಿಂತವರಿಗೆ ಕಾರ್ಡ್ ತೋರಿಸುವ ನಿಯಮ ಬಂದಿದೆ. ಪೆಂಟಾಥ್ಲಾನ್‌ನ ಎಪೀ ಇನ್ನೂ ನಿಷ್ಠುರ. ಅದರ ಮುಖ್ಯ ಸುತ್ತಿನಲ್ಲಿ ಪಂದ್ಯಕ್ಕೆ ಒಂದೇ ಅಂಕ, ಒಂದೇ ನಿಮಿಷ. ಜೋಡಿ ಪೆಟ್ಟಿಗೆ ಬೆಲೆಯಿಲ್ಲ. ಮೈಸೂರಿನ ಕಾಳಗಕ್ಕೆ ಅತಿ ಸಮೀಪದ ರೂಪ ಇದೇ ಇರಬೇಕು. ಒಂದು ವ್ಯತ್ಯಾಸವುಂಟು: ನಿಮಿಷ ಮುಗಿಯುವಷ್ಟರಲ್ಲಿ ಯಾರೂ ಯಾರನ್ನೂ ತಾಗಿಸದಿದ್ದರೆ ಅಲ್ಲಿ ಇಬ್ಬರ ಹೆಸರಿನ ಮುಂದೆಯೂ ಸೋಲು ಎಂದೇ ಬರೆಯುತ್ತಾರೆ.