ಕದಡಿದ ನೀರಿನಲ್ಲಿ ಹಲಗೆಯ ಪರೀಕ್ಷೆ

ಸ್ಪೇನ್ ದೇಶದ ದಕ್ಷಿಣ ತುದಿಯ ತರೀಫಾ ಪಟ್ಟಣದಿಂದ ಆಫ್ರಿಕಾದ ತೀರ ಸುಮಾರು 14 ಕಿಲೋಮೀಟರ್ ಮಾತ್ರ. ಅಲ್ಲಿ ಪಡುವಣದಿಂದ ಬೀಸುವ ಗಾಳಿಗೆ ‘ಪೊನಿಯೆಂತೆ’ ಎಂದೂ ಮೂಡಣದ್ದಕ್ಕೆ ‘ಲೆವಾಂತೆ’ ಎಂದೂ ಹೆಸರು. ದೊಡ್ಡ ಗಾಳಿಪಟವೊಂದು ಎಳೆಯುತ್ತಿರಲು ಹಲಗೆಯ ಮೇಲೆ ನಿಂತು ಕಡಲಲ್ಲಿ ಸಾಗುವ ಕೈಟ್‌ಬೋರ್ಡಿಂಗ್ ಕ್ರೀಡೆಗೆ ಅದು ಪ್ರಸಿದ್ಧ ತಾಣ.

ಪಂದ್ಯವೂ ಕಸರತ್ತೂ ಇಲ್ಲದೆ ಮನಬಂದಂತೆ ಸಾಗುವುದೇ ಫ್ರೀರೈಡ್. ಅದಕ್ಕೆ ಹಲಗೆಯನ್ನು ಆರಿಸುವಾಗ ನಾವು ತಿಳಿನೀರಿನ ವೇಗಕ್ಕೆ ಮರುಳಾಗುವುದು ಸಹಜ. ಚಪ್ಪಟೆಯಾದ, ಬಿಗುವಾದ ಹಲಗೆ ಅಲ್ಲಿ ಬಾಣದಂತೆ ಓಡುತ್ತದೆ. ಆದರೆ ಪೊನಿಯೆಂತೆ ಬೀಸಿ ನೀರು ಕದಡಿದೊಡನೆ ಅದೇ ಹಲಗೆ ಅಲೆಯಲೆಗೂ ಅಪ್ಪಳಿಸುತ್ತದೆ. ಮಂಡಿ ನೋಯುತ್ತದೆ, ಎರಚುವ ನೀರಿನಿಂದ ಕಣ್ಣು ಕಾಣದಾಗುತ್ತದೆ. ತುದಿಗಳು ತುಸು ಮೇಲೆದ್ದಿರುವ, ಕೊಂಚ ಬಳುಕುವ ಹಲಗೆಯಾದರೋ ಆ ಪೆಟ್ಟನ್ನು ತಾನೇ ನುಂಗಿಕೊಳ್ಳುತ್ತದೆ. ಆದರೆ ಗಾಳಿಗೆ ಎದುರಾಗಿ ಸಾಗುವ ಶಕ್ತಿ ಅದಕ್ಕೆ ಕಡಿಮೆ. ಎದುರು ಸಾಗದಿದ್ದರೆ ಹೊರಟ ಜಾಗಕ್ಕೆ ಮರಳುವುದೇ ಕಷ್ಟ. ಬಿಗುವು ಅತಿಯಾದರೂ ಕೇಡು, ಬಳುಕು ಅತಿಯಾದರೂ ಕೇಡು.

ಆದುದರಿಂದ ಕೊಳ್ಳುವ ಮುನ್ನ ಹಲಗೆಯನ್ನು ಎರವಲು ಪಡೆದು ಕದಡಿದ ನೀರಿನಲ್ಲೇ ಪರೀಕ್ಷಿಸೋಣ. ದಡದಲ್ಲಿ ಜೊತೆಗಾರನಿರಲಿ, ಗಾಳಿಪಟವನ್ನು ಥಟ್ಟನೆ ಕಳಚುವ ಕೊಂಡಿಯನ್ನು ಎರಡೆರಡು ಬಾರಿ ನೋಡಿಕೊಳ್ಳೋಣ. ಲೆವಾಂತೆಯು ದಡದಿಂದ ಕಡಲಿನತ್ತ ತಳ್ಳುವ ದಿನ ಆ ಪರೀಕ್ಷೆ ಬೇಡ. ವೇಗವಾಗಿ ಓಡುವ ಹಲಗೆಗಿಂತ, ದಣಿದವನನ್ನು ದಡಕ್ಕೆ ಮರಳಿ ತರುವ ಹಲಗೆಯೇ ಮೇಲು.