ಮಿತಿಯುಳ್ಳ ಕ್ರಿಪ್ಟೊ ಟೋಕನ್: ಸಾರ್ವಜನಿಕರ ಮಾಹಿತಿಗಾಗಿ

ಒಟ್ಟು ಸಂಖ್ಯೆಗೆ ಮಿತಿ ನಿಗದಿಪಡಿಸಿದ ಕ್ರಿಪ್ಟೊ ಟೋಕನ್‌ಗಳ ರಚನಾಕ್ರಮ ಹಾಗೂ ಅವುಗಳನ್ನು ರಚಿಸುವವರು ಮತ್ತು ಖರೀದಿಸುವವರು ಪರಿಶೀಲಿಸತಕ್ಕ ಅಂಶಗಳನ್ನು ಈ ಕೆಳಗೆ ವಿವರಿಸಲಾಗಿದೆ.

1. ಸ್ಮಾರ್ಟ್ ಕಾಂಟ್ರ್ಯಾಕ್ಟ್ ಎಂದರೇನು?

ಬ್ಲಾಕ್‌ಚೈನ್ ಜಾಲದಲ್ಲಿ ದಾಖಲಾಗಿ, ತನ್ನಲ್ಲಿ ಬರೆದಿರುವ ನಿಯಮಗಳನ್ನು ತಾನೇ ಜಾರಿಗೊಳಿಸುವ ಗಣಕ ಪ್ರೋಗ್ರಾಂ ಅನ್ನು ಸ್ಮಾರ್ಟ್ ಕಾಂಟ್ರ್ಯಾಕ್ಟ್ ಎನ್ನಲಾಗುತ್ತದೆ. 2015ರ ಜುಲೈನಲ್ಲಿ ಆರಂಭವಾದ ಇಥೀರಿಯಂ ಜಾಲದಲ್ಲಿ ಇವುಗಳನ್ನು ಬಹುತೇಕ ಸಾಲಿಡಿಟಿ ಭಾಷೆಯಲ್ಲಿ ಬರೆಯಲಾಗುತ್ತದೆ. ಅದೇ ವರ್ಷದ ನವೆಂಬರ್‌ನಲ್ಲಿ ಪ್ರಸ್ತಾಪಿಸಲಾದ ಇಆರ್‌ಸಿ-20 ಮಾನದಂಡವು ಟೋಕನ್‌ಗಳಿಗೆ ವ್ಯಾಪಕ ಬಳಕೆಯಲ್ಲಿದೆ.

2. ಟೋಕನ್ ರಚನೆ ಹೇಗೆ?

ಮೊದಲೇ ಬರೆದ ಕಾಂಟ್ರ್ಯಾಕ್ಟ್‌ಗಳ ನಿಯಮಗಳು ಹೊಸ ಕಾಂಟ್ರ್ಯಾಕ್ಟ್‌ಗೆ ಉತ್ತರಾಧಿಕಾರವಾಗಿ ಬರುವಂತೆ ಮಾಡಬಹುದು. ಓಪನ್‌ಝೆಪೆಲಿನ್ ಸಂಗ್ರಹದಲ್ಲಿ 'ಇಆರ್‌ಸಿ20' ಶಿಲ್ಕು ಮತ್ತು ವರ್ಗಾವಣೆಯ ಲೆಕ್ಕವನ್ನೂ, 'ಇಆರ್‌ಸಿ20ಕ್ಯಾಪ್ಡ್' ಗರಿಷ್ಠ ಮಿತಿಯನ್ನೂ, 'ಓನಬಲ್' ಮಾಲೀಕನ ಅಧಿಕಾರವನ್ನೂ ಒದಗಿಸುತ್ತವೆ. ಇವುಗಳನ್ನು ಸೇರಿಸಿ, ಹೊಸ ಟೋಕನ್ ಸೃಷ್ಟಿಸುವ ಅಧಿಕಾರವನ್ನು ಮಾಲೀಕನಿಗೆ ಮಾತ್ರ ನೀಡಬಹುದು.

ಉದಾಹರಣೆ: ಮಿತಿ 10,00,000 ಇದ್ದು 9,99,900 ಟೋಕನ್‌ಗಳು ಈಗಾಗಲೇ ಸೃಷ್ಟಿಯಾಗಿದ್ದಲ್ಲಿ, ಇನ್ನೂ 200ಕ್ಕೆ ಸಲ್ಲಿಸಿದ ಕೋರಿಕೆ ಪೂರ್ಣವಾಗಿ ತಿರಸ್ಕೃತವಾಗುತ್ತದೆ, ಉಳಿದ 100 ಸಹ ದೊರೆಯುವುದಿಲ್ಲ.

3. ರಚಿಸುವವರು ಗಮನಿಸತಕ್ಕ ಅಂಶಗಳು

(ಅ) ಒಂದು ಟೋಕನ್‌ಗೆ ಸಾಮಾನ್ಯವಾಗಿ 18 ದಶಮಾಂಶ ಸ್ಥಾನಗಳಿರುತ್ತವೆ. ಮಿತಿಯ ಸಂಖ್ಯೆಯ ಮುಂದೆ 18 ಸೊನ್ನೆಗಳನ್ನು ಸೇರಿಸದಿದ್ದಲ್ಲಿ ಒಂದು ಪೂರ್ಣ ಟೋಕನ್ ಸಹ ಸೃಷ್ಟಿಯಾಗಲಾರದು.

(ಆ) ವಹಿವಾಟು ತಡೆಹಿಡಿಯುವಂತಹ ಬೇರೆ ಸೌಲಭ್ಯ ಸೇರಿಸಿದಾಗ ಎರಡು ಕಾಂಟ್ರ್ಯಾಕ್ಟ್‌ಗಳು ಒಂದೇ ಕಾರ್ಯವಿಧಾನವನ್ನು ಮಾರ್ಪಡಿಸುತ್ತವೆ. ಅಲ್ಲಿ 'ಸೂಪರ್' ಮೂಲಕ ಮೇಲಿನ ನಿಯಮಗಳನ್ನು ಕರೆಯದಿದ್ದಲ್ಲಿ, ಯಾವ ದೋಷಸೂಚನೆಯೂ ಇಲ್ಲದೆ ಮಿತಿಯ ಪರಿಶೀಲನೆ ತಪ್ಪಿಹೋಗಬಹುದು.

4. ಖರೀದಿಸುವವರು ಗಮನಿಸತಕ್ಕ ಅಂಶಗಳು

(ಅ) ಮಿತಿಯು ಚಾಲ್ತಿಯಲ್ಲಿರುವ ಒಟ್ಟು ಸಂಖ್ಯೆಗೆ ಅನ್ವಯಿಸುತ್ತದೆ. ನಾಶಪಡಿಸಿದಷ್ಟು ಟೋಕನ್‌ಗಳನ್ನು ಮಾಲೀಕನು ಪುನಃ ಸೃಷ್ಟಿಸಬಹುದು.

(ಆ) ಕಾಂಟ್ರ್ಯಾಕ್ಟ್ ಬದಲಾಯಿಸಬಹುದಾದ 'ಪ್ರಾಕ್ಸಿ' ವಿಧಾನದಲ್ಲಿದ್ದಲ್ಲಿ, ಅಧಿಕಾರವುಳ್ಳವರು ಮಿತಿಯ ನಿಯಮವನ್ನೇ ಬದಲಿಸಬಹುದು.

(ಇ) ಮಿತಿಯು ಸಂಖ್ಯೆಗೆ ಮಾತ್ರ ಸಂಬಂಧಿಸಿದ್ದು, ಬೆಲೆಗೆ ಖಾತರಿಯಲ್ಲ. ಭಾರತದಲ್ಲಿ ಇಂತಹ ಟೋಕನ್‌ಗಳು ಕಾನೂನುಬದ್ಧ ಚಲಾವಣೆಯ ಹಣವಲ್ಲ. ಇವುಗಳ ವರ್ಗಾವಣೆಯಿಂದ ಬಂದ ಆದಾಯಕ್ಕೆ 2022ರ ಹಣಕಾಸು ಅಧಿನಿಯಮದ ಮೂಲಕ ಶೇ. 30ರ ತೆರಿಗೆ ವಿಧಿಸಲಾಗಿದೆ.

ಆದುದರಿಂದ, "ಮಿತಿ ಇದೆ" ಎಂಬ ಜಾಹೀರಾತನ್ನು ಮಾತ್ರ ಆಧರಿಸದೆ, ಪ್ರಕಟಿತ ಮೂಲ ಕೋಡ್‌ನಲ್ಲಿ ಮಿತಿ, ಚಾಲ್ತಿಯಲ್ಲಿರುವ ಸಂಖ್ಯೆ ಹಾಗೂ ಮಾಲೀಕನ ಅಧಿಕಾರಗಳನ್ನು ತಿಳಿದವರಿಂದ ಪರಿಶೀಲಿಸಿಕೊಂಡ ನಂತರವೇ ಹಣ ತೊಡಗಿಸುವುದು ಸೂಕ್ತ.