ಮಾರುಕಟ್ಟೆಗೆ ಬರುವ ಮುನ್ನವೇ ದೊರೆಯುವ ಮನೆ: ಕೊಳ್ಳುವವರು ನೋಡಬೇಕಾದ ಲೆಕ್ಕ

ಒಳ್ಳೆಯ ಮನೆಗಳು ಫಲಕ ಹಾಕಿ ಮಾರಾಟವಾಗುವುದು ನಮ್ಮ ಊರುಗಳಲ್ಲಿ ಕಡಿಮೆ. ಶಿವಮೊಗ್ಗದ ದುರ್ಗಿಗುಡಿ, ತಿಲಕನಗರಗಳಲ್ಲಿ ಮಕ್ಕಳು ಬೆಂಗಳೂರಿನಲ್ಲಿಯೋ ಹೊರದೇಶದಲ್ಲಿಯೋ ನೆಲೆಸಿರುವ ಹಿರಿಯರ ಮನೆಗಳಿವೆ. ಭದ್ರಾವತಿಯಲ್ಲಿ 1923ರಲ್ಲಿ ಆರಂಭವಾದ ಕಬ್ಬಿಣದ ಕಾರ್ಖಾನೆ ಹಾಗೂ 1936ರಲ್ಲಿ ಸ್ಥಾಪನೆಯಾದ ಕಾಗದ ಕಾರ್ಖಾನೆಯ ನಿವೃತ್ತ ನೌಕರರು ಕಟ್ಟಿಸಿದ ಮನೆಗಳಿವೆ. ಇವು ಮಾರಾಟಕ್ಕಿರುವ ಸುದ್ದಿ ಮೊದಲು ಮುಟ್ಟುವುದು ನೆರೆಯವರಿಗೆ, ಪತ್ರಬರಹಗಾರರಿಗೆ ಹಾಗೂ ಅಂಗಡಿಯಲ್ಲಿ ಕುಳಿತ ವರ್ತಕರಿಗೆ.

ಇಂತಹ ಖರೀದಿಯಲ್ಲಿ ದಲ್ಲಾಳಿಯ ಕಮಿಷನ್ ಉಳಿಯುತ್ತದೆ, ಪೈಪೋಟಿಯೂ ಇರುವುದಿಲ್ಲ. ಆದರೆ ನಾಲ್ಕು ಜನ ನೋಡಿ ಪ್ರಶ್ನಿಸದ ಆಸ್ತಿಯನ್ನು ಪರಿಶೀಲಿಸುವ ಹೊಣೆ ಪೂರ್ತಿಯಾಗಿ ಕೊಳ್ಳುವವರದೇ ಆಗುತ್ತದೆ.

ಹಕ್ಕಿನ ಪರಿಶೀಲನೆ: ಮೂಲ ಪತ್ರಗಳು, ಇ-ಖಾತೆ ಹಾಗೂ ಕನಿಷ್ಠ 30 ವರ್ಷಗಳ ಋಣಭಾರ ಪ್ರಮಾಣಪತ್ರವನ್ನು ವಕೀಲರಿಗೆ ತೋರಿಸಬೇಕು. ಪಿತ್ರಾರ್ಜಿತ ಆಸ್ತಿಯಲ್ಲಿ 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೂ ಸಮಪಾಲು ಇರುವುದರಿಂದ ಅವರ ಸಹಿಯೂ ಅಗತ್ಯ. ಕೇವಲ ಜಿ.ಪಿ.ಎ. ಬರೆಸಿಕೊಂಡರೆ ಮಾಲೀಕತ್ವ ವರ್ಗವಾಗುವುದಿಲ್ಲವೆಂದು ಸುಪ್ರೀಂ ಕೋರ್ಟ್ 2011ರಲ್ಲಿ ಸ್ಪಷ್ಟಪಡಿಸಿದೆ. ಭದ್ರಾವತಿಯಲ್ಲಿ ಇನ್ನೊಂದು ಎಚ್ಚರಿಕೆ ಬೇಕು: ಕಾರ್ಖಾನೆಯ ವಸತಿಗೃಹದಲ್ಲಿ ಬಹುಕಾಲ ವಾಸವಿದ್ದ ಮಾತ್ರಕ್ಕೆ ಅದನ್ನು ಮಾರುವ ಹಕ್ಕು ಬರುವುದಿಲ್ಲ.

ಅಗ್ಗದ ಬೆಲೆ: ಪರಿಚಯದ ಮೇಲೆ ದೊರೆತ ರಿಯಾಯಿತಿಗೂ ತೆರಿಗೆಯುಂಟು. ಮಾರ್ಗಸೂಚಿ ಬೆಲೆ 60 ಲಕ್ಷ ರೂ. ಇರುವ ಮನೆಯನ್ನು 50 ಲಕ್ಷಕ್ಕೆ ಕೊಂಡರೆಂದು ಭಾವಿಸೋಣ. 10 ಲಕ್ಷದ ವ್ಯತ್ಯಾಸವು ಕ್ರಯಧನದ ಶೇ. 10ನ್ನು, ಅಂದರೆ 5 ಲಕ್ಷವನ್ನು ಮೀರುವುದರಿಂದ, ಆ 10 ಲಕ್ಷವೂ ಕೊಂಡವರ ಆದಾಯವೆಂದು ಪರಿಗಣಿಸಲ್ಪಡುತ್ತದೆ. ಶೇ. 30ರ ದರದಲ್ಲಿ ಸೆಸ್ ಸೇರಿ 3,12,000 ರೂ. ತೆರಿಗೆ. ಮುದ್ರಾಂಕ ಶುಲ್ಕವೂ 60 ಲಕ್ಷದ ಮೇಲೆಯೇ. ಶೇ. 1ರ ಟಿ.ಡಿ.ಎಸ್. ಸಹ 60 ಲಕ್ಷದ ಮೇಲೆ, ಅಂದರೆ 60,000 ರೂ.; ಇದನ್ನು ಮಾರುವವರಿಗೆ ಕೊಡುವ ಹಣದಲ್ಲಿ ಕಡಿದು ಸರ್ಕಾರಕ್ಕೆ ಕಟ್ಟಬೇಕು. ಮಾರುವವರು ಅನಿವಾಸಿಯಾಗಿದ್ದಲ್ಲಿ ಈ ಶೇ. 1ರ ನಿಯಮ ಅನ್ವಯಿಸದು. ಹೆಚ್ಚಿನ ದರದಲ್ಲಿ ಕಡಿತ ಮಾಡಬೇಕಾಗುತ್ತದೆ.

ಮುಂಗಡ: "ನಾಳೆ ಬೇರೆಯವರು ಬರುತ್ತಾರೆ" ಎಂಬ ಮಾತಿಗೆ ಹೆದರಿ ಗಲ್ಲಾಪೆಟ್ಟಿಗೆಯ ನಗದನ್ನು ಮುಂಗಡವಾಗಿ ಕೊಡುವ ರೂಢಿ ನಮ್ಮಲ್ಲಿದೆ. ಸ್ಥಿರಾಸ್ತಿಯ ವ್ಯವಹಾರದಲ್ಲಿ 20,000 ರೂ. ಅಥವಾ ಅದಕ್ಕೂ ಹೆಚ್ಚು ಹಣವನ್ನು ನಗದಾಗಿ ಪಡೆಯುವುದನ್ನು 2015ರ ಜೂನ್ 1ರಿಂದ ನಿಷೇಧಿಸಲಾಗಿದೆ. ಪಡೆದವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಬ್ಯಾಂಕಿನ ಮೂಲಕ ಕೊಟ್ಟರೆ ಕೊಳ್ಳುವವರಿಗೂ ಲಾಭವಿದೆ. ಕರಾರಿನ ದಿನವೇ ಅಥವಾ ಅದಕ್ಕೂ ಮುಂಚೆ ಹಾಗೆ ಪಾವತಿಸಿದ್ದರೆ, ನೋಂದಣಿಯ ಹೊತ್ತಿಗೆ ಮಾರ್ಗಸೂಚಿ ಬೆಲೆ ಏರಿದ್ದರೂ, ಮೇಲಿನ ಆದಾಯ ತೆರಿಗೆ ಲೆಕ್ಕಕ್ಕೆ ಕರಾರಿನ ದಿನದ ಬೆಲೆಯನ್ನೇ ಹಿಡಿಯಬಹುದು. ಪತ್ರಗಳು ಸರಿಯಿಲ್ಲದಿದ್ದಲ್ಲಿ ಮುಂಗಡವನ್ನು ಇಷ್ಟು ದಿನಗಳೊಳಗೆ ಹಿಂದಿರುಗಿಸತಕ್ಕದ್ದು ಎಂಬ ಷರತ್ತು ಕರಾರಿನಲ್ಲಿರಲಿ.

ವರ್ತಕರ ಮುಂಗಡವು ಬಹುತೇಕ ವ್ಯಾಪಾರದ ದುಡಿಯುವ ಬಂಡವಾಳದಿಂದಲೇ ಬರುತ್ತದೆ. ಅದು ತಕರಾರಿನ ಮನೆಯಲ್ಲಿ ಸಿಕ್ಕಿಕೊಂಡರೆ ಸರಕು ತರಿಸಲೂ ಹಣವಿರುವುದಿಲ್ಲ. ಸುದ್ದಿ ಬೇಗ ತಿಳಿದುದರಿಂದ ದೊರೆಯುವ ಹದಿನೈದು ದಿನಗಳನ್ನು ಪತ್ರ ಪರಿಶೀಲನೆಗೆ ಬಳಸುವುದೇ ಇಂತಹ ಖರೀದಿಯ ನಿಜವಾದ ಲಾಭ.